ಅಮ್ಮನ ಕಿವಿ, ಹೊಸ ಮಾಡು

ನಮ್ಮ ತವರುಮನೆಯಲ್ಲಿ ದೋಣಿ ನೀರಿಗಿಳಿಯುವುದು ಅಮ್ಮನ ಮಾತಿನ ಮೇಲೆ. ಬೈಂದೂರಿನ ಕಡಲ ಬದಿಯ ಆ ಮನೆಯಲ್ಲಿ ಇರುವುದು ಅಮ್ಮ, ನನ್ನ ತಂಗಿ, ತಂಗಿಯ ಗಂಡ. ಅವರನ್ನು ನಾನು ಭಾವ ಅನ್ನುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ಭಾವ ಬಲೆಯನ್ನು ಜಗಲಿಯಲ್ಲಿಟ್ಟು, ಒಳಕೋಣೆಯ ಬಾಗಿಲಲ್ಲಿ ನಿಂತು, "ಅತ್ತೆ, ಹ್ಯಾಂಗಿತ್ತ್?" ಅಂತ ಕೇಳುತ್ತಾರೆ. ಪಡುವಣ ಗೋಡೆಗೆ ತಾಗಿಸಿ ಹಾಕಿದ ಮಂಚದ ಮೇಲೆ ಅಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿ, ಕಡಲಿನ ಸದ್ದಿಗೆ ಕಿವಿಗೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಉತ್ತರ ಕೊಡುತ್ತಾಳೆ. "ಅಕ್ಕ್, ಹೋಯ್ ಬಾ" ಅಂದರೆ ಹೋಗಬಹುದು ಎಂದು ಅರ್ಥ. "ಇವತ್ತ್ ಬ್ಯಾಡ" ಅಂದರೆ ಬಲೆ ಜಗಲಿಯಲ್ಲೇ ಉಳಿಯಿತು.

ಅಮ್ಮನ ಅಮ್ಮನೂ ಅದೇ ಕೋಣೆಯಿಂದ ಹೀಗೇ ಹೇಳುತ್ತಿದ್ದಳಂತೆ. ಹೋಗುವವರು ತಾವೇ ನಿರ್ಧರಿಸಬಾರದು, ಮನೆಯಲ್ಲಿ ಉಳಿಯುವವರು ಹೇಳಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಹೋಗುವ ಗಂಡಸಿನ ತಲೆಯಲ್ಲಿ ಮೀನು ತುಂಬಿರುತ್ತದೆ, ಅವನಿಗೆ ಕಡಲಿನ ಸದ್ದು ಸರಿಯಾಗಿ ಕೇಳುವುದಿಲ್ಲ ಎಂದು ಅಮ್ಮ ಕಾರಣ ಕೊಡುತ್ತಿದ್ದಳು. ತೆರೆ ದಡದ ಹತ್ತಿರ ಒಡೆಯುತ್ತಿದೆಯೋ ದೂರದಲ್ಲೋ, ಒಂದು ತೆರೆಗೂ ಇನ್ನೊಂದಕ್ಕೂ ನಡುವೆ ಎಷ್ಟು ತಡೆ, ಒಡೆದ ಮೇಲೆ ನೀರು ಹಿಂದಕ್ಕೆ ಎಳೆದುಕೊಳ್ಳುವಾಗ ಮರಳು ಹೇಗೆ ಗರಗರ ಅನ್ನುತ್ತದೆ, ಇವಿಷ್ಟೇ ಅವಳಿಗೆ ಬೇಕಾದದ್ದು. ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದು ಹಾಕಿದ ಮೇಲೂ ಈ ಕೆಲಸಕ್ಕೆ ಏನೂ ತೊಂದರೆಯಾಗಲಿಲ್ಲ. ಕಣ್ಣಿದ್ದಾಗಲೂ ಅವಳು ಹೊರಗೆ ಹೋಗಿ ನೋಡಿ ಹೇಳಿದವಳಲ್ಲ.

ಆ ಗೋಡೆಗೆ ಕಿಟಕಿ ಇರಲಿಲ್ಲ. ಮಳೆಗಾಲದ ಗಾಳಿ ನೇರ ಅಲ್ಲಿಗೇ ಬಡಿಯುವುದರಿಂದ ಕಡಲಿಗೆ ಮುಖ ಮಾಡಿದ ಗೋಡೆಗೆ ಕಿಟಕಿ ಇಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಸದ್ದು ಬರುತ್ತಿದ್ದದ್ದು ಮಾಡಿನ ಕಡೆಯಿಂದ. ನಮ್ಮ ಕಡೆ ಮನೆಯ ಸೂರಿಗೆ ಮಾಡು ಅನ್ನುತ್ತೇವೆ. ಹಂಚಿನ ಮಾಡು ಗೋಡೆಯ ಮೇಲೆ ಕೂರುವಲ್ಲಿ ಕೈ ತೂರುವಷ್ಟು ಸಂದು ಇರುತ್ತದೆ. ಕಡಲು ಆ ಸಂದಿನಿಂದ, ಹಂಚುಗಳ ಎಡೆಯಿಂದ ಮನೆಯೊಳಗೆ ಬಂದು ಕೂತಿರುತ್ತಿತ್ತು. ಅದರ ಮೇಲೆ ಮಾತಾಡಬೇಕಾದ್ದರಿಂದ ನಮ್ಮ ಮನೆಯಲ್ಲಿ ಎಲ್ಲರದೂ ದೊಡ್ಡ ಗಂಟಲು. ಮದುವೆಯಾಗಿ ಬ್ರಹ್ಮಾವರಕ್ಕೆ ಹೋದ ಹೊಸದರಲ್ಲಿ, ನಾನು ಉಪ್ಪು ಕೇಳಿದರೂ ಜಗಳಕ್ಕೆ ಬಂದಳೆಂದು ಗದ್ದೆ ತೋಟದ ನಡುವೆ ಮೆಲ್ಲಗೆ ಬೆಳೆದ ಗಂಡನ ಮನೆಯವರು ಗಾಬರಿಯಾಗುತ್ತಿದ್ದರು. ಆಮೇಲೆ ಅವರೂ ಕಲಿತರು, ಇಲ್ಲದಿದ್ದರೆ ನನ್ನ ಹತ್ತಿರ ಬದುಕಬೇಕಲ್ಲ.

ಹಂಚಿನ ಮಾಡಿಗೆ ಗಾಳಿ ಎಂದರೆ ಕಂಟಕ. ಮಳೆಗಾಲ ಶುರುವಾಗುವ ಮೊದಲು ಹಳೆಯ ಬಲೆಯನ್ನು ಇಡೀ ಮಾಡಿನ ಮೇಲೆ ಹರಡಿ, ಅಂಚಿಗೆ ಮರಳು ತುಂಬಿದ ಚೀಲ ಕಟ್ಟಿ ಇಳಿಬಿಡುತ್ತಿದ್ದೆವು. ಮೀನು ಹಿಡಿಯುವ ಮನೆ ತಾನೇ ಬಲೆಗೆ ಬಿದ್ದ ಹಾಗೆ ಕಾಣುತ್ತಿತ್ತು. ಗಾಳಿಗೆ ಹಂಚು ಹಾರದಂತೆ ಬಲೆ ಹಿಡಿದುಕೊಳ್ಳುತ್ತಿತ್ತು ನಿಜ, ಆದರೆ ಮೇಲಿನಿಂದ ಬೀಳುವುದನ್ನು ಬಲೆ ತಡೆಯುವುದಿಲ್ಲ. ಒಂದು ಮಳೆಗಾಲ ಅಂಗಳದ ತೆಂಗಿನ ಮರದಿಂದ ಇಡೀ ಗೊನೆ ಕಳಚಿ, ಹಂಚು ಒಡೆದು, ಅಮ್ಮನ ಮಂಚದ ಮೇಲೆಯೇ ಬಿತ್ತು. ಅಮ್ಮ ಆಗ ಬಚ್ಚಲಿಗೆ ಹೋಗಿದ್ದಳು. ತಿರುಗಿ ಬಂದು ಕೈಯಾಡಿಸಿದಾಗ ತಲೆದಿಂಬಿನ ಜಾಗದಲ್ಲಿ ಹಂಚಿನ ಚೂರು, ಮಳೆನೀರು, ಎಳನೀರು ಕಾಯಿಗಳು ಸಿಕ್ಕಿದವಂತೆ.

ತಂಗಿ ಫೋನಿನಲ್ಲಿ ಅತ್ತಳು. ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಕಡಲಿಗೆ ಹೆದರದ ಮನೆಯಲ್ಲಿ ಅಮ್ಮ ತನ್ನ ಮಂಚದ ಮೇಲೆ, ತನ್ನದೇ ಮಾಡಿನ ಕೆಳಗೆ ಸಾಯುವುದೆಂದರೇನು? ಆ ಮಳೆಗಾಲ ಮುಗಿಯುವವರೆಗೂ ಗಾಳಿ ಎದ್ದಾಗೆಲ್ಲ ತಂಗಿಗೆ ಫೋನು ಮಾಡುತ್ತಿದ್ದೆ. ತೆಂಗಿನ ಮರ ಕಡಿಸಿ ಎಂದೆ. ಅದು ಅಪ್ಪ ನೆಟ್ಟದ್ದು, ಕಡಿಯುವ ಮಾತು ಬೇಡ ಎಂದಳು ಅಮ್ಮ. ಹಾಗಾದರೆ ಮಾಡೇ ಬದಲಾಗಲಿ ಎಂದು ನಾನು ಹಟ ಹಿಡಿದೆ.

ಭಾವ ಮತ್ತು ನಾನು ಕುಂದಾಪುರದ ಒಂದು ಅಂಗಡಿಗೆ ಹೋದೆವು. ಅಂಗಡಿಯವರು ತೆಳು ತಗಡನ್ನು ತೋರಿಸಿ, ಇದು ಕೋಳಿಗೂಡಿಗೆ ಸಾಕು, ಕಡಲ ಬದಿಯ ಮನೆಗಲ್ಲ ಎಂದರು. ಉಪ್ಪುಗಾಳಿಗೆ ತುಕ್ಕು ಹಿಡಿಯದ ಲೇಪದ ದಪ್ಪ ತಗಡು, ಅದೇ ತಗಡು ಎರಡು ಪದರವಾಗಿ ನಡುವೆ ಫೋಮ್ ತುಂಬಿದ್ದು, ಹೀಗೆ ಬಗೆಬಗೆಯವನ್ನು ಎಳೆದು ಹಾಕಿದರು. ಗಾಳಿಗೆ ಏಳದಂತೆ ಕಬ್ಬಿಣದ ಪಟ್ಟಿಯಿಂದ ಗೋಡೆಗೇ ಬಿಗಿಯುತ್ತೇವೆ ಎಂದರು. ಎಲ್ಲ ಸರಿ, ಮೇಲೆ ತೆಂಗಿನಕಾಯಿ ಬಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಅವರಿಗೆ ಅದು ದಿನಾ ಕೇಳುವ ಪ್ರಶ್ನೆ ಇರಬೇಕು. ಮೂಲೆಯಲ್ಲಿದ್ದ ಒಂದು ಕಾಯಿ ತೆಗೆದುಕೊಂಡು, ಗೋದಾಮಿನ ಏಣಿ ಹತ್ತಿ, ನೆಲದಿಂದ ಎತ್ತರಿಸಿಟ್ಟ ಎರಡು ಪದರದ ಶೀಟಿನ ಮೇಲೆ ಬಿಟ್ಟರು. ಕಾಯಿ ಸೀಳಿತು, ಶೀಟಿನಲ್ಲಿ ಒಂದು ಸಣ್ಣ ತಗ್ಗು ಬಿತ್ತು, ಅಷ್ಟೇ.

"ಚಟ್ನಿಗೆ ಆಯ್ತ್ ಕಾಣಿ ಅಕ್ಕ" ಎಂದು ಆ ಕಾಯಿಯನ್ನು ನನ್ನ ಕೈಗೇ ಕೊಟ್ಟರು. "ಇನ್ನೊಂದ್ ಎಂತ ಗೊತ್ತಿತ್ತಾ? ಇದ್ರಡೀಗೆ ಕೂಕಂಡ್ರೆ ಮಳಿ ಸದ್ದೂ ಕೇಂತಿಲ್ಲೆ."

ಆ ಮಾತಿಗೇ ನಾನು ಒಪ್ಪಿದ್ದು. ಮಳೆಗಾಲವಿಡೀ ತಗಡಿನ ಮೇಲೆ ತಮ್ಮಟೆ ಹೊಡೆದ ಹಾಗೆ ಆಗುವ ಮನೆಗಳನ್ನು ನೋಡಿದ್ದೆ. ಅಮ್ಮ ಆ ಗಲಾಟೆಯಲ್ಲಿ ಒದ್ದಾಡುವುದು ಬೇಡ, ಒಳ್ಳೆಯದನ್ನೇ ಹಾಕಿಸೋಣ ಅನ್ನಿಸಿತು. ಭಾವ ಶೀಟಿನ ಮೇಲೆ ಕೈಯಾಡಿಸುತ್ತಾ ಸುಮ್ಮನೆ ನಿಂತಿದ್ದರು. ಅವರು ಮೊದಲಿಂದಲೂ ಹಾಗೇ, ಅವರ ಪಾಲಿನ ಮಾತನ್ನೂ ಸೇರಿಸಿ ನಾನೇ ಆಡಬೇಕು.

ಹಾಲಾಡಿಯ ಕಡೆಯ ಕೆಲಸದವರು ಬಂದರು. ಹಂಚು ಇಳಿಸಿದರು, ಹಂಚು ಹೊತ್ತಿದ್ದ, ಗೆದ್ದಲು ಹಿಡಿದ ಮರದ ಪಕ್ಕಾಸುಗಳನ್ನು ಕಿತ್ತು ಕಬ್ಬಿಣದ ಚೌಕಟ್ಟು ಕೂರಿಸಿದರು, ಪಟ್ಟಿ ಬಿಗಿದರು, ರಬ್ಬರ್ ವಾಷರ್ ಹಾಕಿ ಹಾಕಿ ಸ್ಕ್ರೂ ತಿರುಗಿಸಿದರು. ಆ ದಿನಗಳಲ್ಲಿ ಅಮ್ಮನನ್ನು ಜಗಲಿಯ ಮೂಲೆಯಲ್ಲಿ ಕೂರಿಸಿದ್ದೆವು. ಕೊನೆಗೆ ಗೋಡೆಗೂ ಮಾಡಿಗೂ ನಡುವಿನ ಸಂದನ್ನು ಮುಚ್ಚುವ ಕೆಲಸ ಉಳಿಯಿತು. ಗಾಳಿ ಅಲ್ಲಿಂದ ಒಳಹೊಕ್ಕು ಕೆಳಗಿನಿಂದ ಎತ್ತಿದರೆ ಎಂಥ ಗಟ್ಟಿ ಮಾಡೂ ಹಾರುತ್ತದೆ, ಅದನ್ನು ಮುಚ್ಚಲೇಬೇಕು ಎಂದು ಅವರು ವಿವರಿಸುತ್ತಿದ್ದಾಗ ನಾನು ಅಮ್ಮನ ಕಿವಿಯ ಹತ್ತಿರವೇ ನಿಂತು, ಹೂಂ, ಪೂರ್ತಿ ಮುಚ್ಚಿ ಎಂದು ಕೂಗಿ ಹೇಳಿದೆ.

"ಪಡು ಬದಿದೂ ಮುಚ್ಚೂದಾ?" ಅಂತ ಅಮ್ಮ ಕೇಳಿದಳು.

"ಗಾಳಿ ಬಪ್ದೇ ಅಲ್ಲಿಂದ ಅಲ್ದಾ ಅಮ್ಮ. ಅದ್ನ್ ಬಿಟ್ರೆ ಎಂತಕೆ ಇಷ್ಟೆಲ್ಲ ಮಾಡ್ಸಿದ್ದ್?" ಎಂದೆ. ಅವಳು ಎಲೆಅಡಿಕೆಯ ತಟ್ಟೆಗಾಗಿ ಕೈಯಾಡಿಸಿದಳು, ತಂಗಿ ಹತ್ತಿರ ತಳ್ಳಿಕೊಟ್ಟಳು.

ಆ ವರ್ಷ ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಎದ್ದ ಗಾಳಿಯನ್ನು ನಾನು ಮರೆಯಲಾರೆ. ಮಾಡು ಹೇಗಿದೆ ನೋಡಿ ಬರೋಣ ಎಂದು ತವರಿಗೆ ಹೋಗಿದ್ದೆ, ಊಟಕ್ಕೆ ಕೂತಿದ್ದೆವು. ಹೊರಗೆ ಕತ್ತಲು ಕವಿಯಿತು. ನೆರೆಮನೆಯ ಹಂಚುಗಳು ಅಂಗಳಕ್ಕೆ ಬಿದ್ದು ಚೂರಾಗುತ್ತಿದ್ದದ್ದು ತೆರೆದ ಬಾಗಿಲಿಂದ ಕಾಣುತ್ತಿತ್ತು. ಆಚೆಮನೆಯವರ ದನದ ಕೊಟ್ಟಿಗೆಯ ತಗಡು ಎದ್ದು, ತಿರುಗುತ್ತಾ ಹೋಗಿ ರಸ್ತೆಯ ಕಂಬಕ್ಕೆ ಸುತ್ತಿಕೊಂಡಿತು. ನಮ್ಮ ಮಾಡಿನ ಮೇಲೆ ಧಡ್ ಎಂದು ಏನೋ ಬಿತ್ತು, ಮತ್ತೊಂದು ಬಿತ್ತು, ಆಮೇಲೆ ತೆಂಗಿನ ಇಡೀ ಮಡಲೇ ಗರಿ ಸಮೇತ ಕಳಚಿ ಬಿದ್ದು ಜಾರಿ ಅಂಗಳಕ್ಕೆ ಇಳಿಯಿತು. ನಾನು ಅಮ್ಮನ ಮೇಲೆ ಬೋರಲಾಗಿ ಬಿದ್ದಿದ್ದೆ. ಒಂದು ಹನಿ ನೀರು ಒಳಗೆ ಬರಲಿಲ್ಲ. ಗಾಳಿ ಇಳಿದ ಮೇಲೆ ಭಾವ ಏಣಿ ಹತ್ತಿ ನೋಡಿ, ಬರೀ ತಗ್ಗು ಬಿದ್ದಿದೆ, ಒಂದು ಸ್ಕ್ರೂ ಕೂಡ ಸಡಿಲಾಗಿಲ್ಲ ಎಂದರು. ಹಂಚು ಕಳೆದುಕೊಂಡ ನೆರೆಮನೆಯವರು ಮಕ್ಕಳು ಮರಿ ಸಮೇತ ಆ ವಾರವೆಲ್ಲ ನಮ್ಮಲ್ಲೇ ಉಳಿದರು. ನಾನು ಬ್ರಹ್ಮಾವರಕ್ಕೆ ಮರಳುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೂ ಆ ಮಾಡಿನ ಗುಣಗಾನ ಮಾಡಿದೆ. ಈಗಲೂ ಮಾಡುತ್ತೇನೆ. ಆ ಮಾಡಿನ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಅದಿಲ್ಲದಿದ್ದರೆ ಆ ದಿನವೇ ಅಮ್ಮನನ್ನು ಕಳೆದುಕೊಳ್ಳುತ್ತಿದ್ದೆವು.

ಆದರೆ ತಂಗಿಯ ಫೋನು ಬರತೊಡಗಿತು. ಅಮ್ಮ ದಿನಾ "ಬ್ಯಾಡ" ಅನ್ನುತ್ತಾಳೆ. ಗಾಳಿ ಇದ್ದ ದಿನವೂ ಬೇಡ, ಗಾಳಿ ಇಲ್ಲದ ದಿನವೂ ಬೇಡ. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ರಜೆ, ನಾಡದೋಣಿಯವರಿಗೆ ನಾಲ್ಕು ಮೀನು ಸಿಗುವ ಕಾಲವೇ ಅದು. ಕಡಲು ಒಂದಿಷ್ಟು ತಣ್ಣಗಾದ ದಿನಗಳಲ್ಲಿ ಎಲ್ಲರ ದೋಣಿಯೂ ಇಳಿಯುತ್ತಿತ್ತು, ನಮ್ಮದು ಮಾತ್ರ ಮರಳ ಮೇಲೆ ಬಿದ್ದುಕೊಂಡಿತ್ತು. ಭಾವನ ಜೊತೆಗೆ ಹೋಗುವ ಗೆಳೆಯರು ಸ್ವಲ್ಪ ದಿನ ಕಾದು, ಆಮೇಲೆ ಬೇರೆ ದೋಣಿ ಸೇರಿಕೊಂಡರು. ತಂಗಿ ಒಣಮೀನು ಮಾರಿ ಸಂಸಾರ ನೂಕುತ್ತಿದ್ದಳು. ಅಮ್ಮನಿಗೆ ಅರಳುಮರುಳು ಶುರುವಾಯಿತಾ ಎಂದು ಅವಳಿಗೆ ಭಯ, ಭಾವನಿಗೆ ಏನಾಯಿತು ಎಂದು ನನಗೆ ಸಿಟ್ಟು. ಕಣ್ಣಿದೆ, ಕೈಯಲ್ಲಿ ಫೋನಿದೆ, ಹವಾಮಾನದವರು ದಿನಾ ಹೇಳುತ್ತಾರೆ, ಒಮ್ಮೆ ಸುಮ್ಮನೆ ಹೋಗಿ ಬರಬಾರದೇ?

ನಾನು ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ನಾನೇ ನೋಡಿದೆ. ಭಾವ ಬಾಗಿಲಲ್ಲಿ ನಿಂತು "ಅತ್ತೆ, ಹ್ಯಾಂಗಿತ್ತ್?" ಎಂದರು. ಅಮ್ಮ ಗೋಡೆಯ ಕಡೆ ತಿರುಗಿ, "ಇವತ್ತ್ ಬ್ಯಾಡ" ಎಂದಳು. ಭಾವ ತಲೆಯಾಡಿಸಿ ಜಗಲಿಗೆ ಹೋಗಿ ಬಲೆ ಬಿಡಿಸಿಕೊಂಡು ಕೂತರು. ನಾನು ಹೊರಗೆ ಓಡಿ ನೋಡಿದೆ. ಮಳೆ ಬಿಟ್ಟಿತ್ತು, ದೋಣಿಗಳು ಸಾಲಾಗಿ ಹೊರಟಿದ್ದವು. ತಡೆಯಲಾಗಲಿಲ್ಲ, ಒಳಗೆ ಬಂದು ಅಮ್ಮನ ಮೇಲೆ ಹರಿಹಾಯ್ದೆ.

"ಎಂತ ಅಮ್ಮ ನಿಂದ್? ಕಡಲ್ ಕೆರಿ ಹಾಂಗಿತ್ತ್! ಊರವ್ರೆಲ್ಲ ಹೋತಿದ್ರ್! ಮಾಡ್ ಗಟ್ಟಿ ಮಾಡ್ಸಿ ಹೊಟ್ಟಿಗ್ ತಣ್ಣೀರ್ ಬಟ್ಟಿ ಹಾಕಂಬುದಾ?"

ಅಮ್ಮ ತಲೆದಿಂಬಿನ ಅಂಚನ್ನು ತಿರುವಿದಳು. ಆಮೇಲೆ, ಮಗಳೇ ಎಂಬಂತೆ ನನ್ನನ್ನು ಹೆಣೆ ಎಂದು ಕರೆದು ಹೇಳಿದಳು.

"ನಂಗೆ ಕೇಂತಿಲ್ಲೆ ಹೆಣೆ. ಈ ಮಾಡ್ ಬಂದ್ ಮೇಲೆ ಕಡಲ್ ಕೇಂತಿಲ್ಲೆ."

"ಮತ್ತೆ ಹೇಳೂಕಾಗ್ದಾ?"

"ಎಂತ ಹೇಳೂದ್? ನೀ ಅಷ್ಟ್ ಆಸೆಯಂಗ್ ಮಾಡ್ಸಿದ್ದ್. ಕೇಣ್ದೆ ಇಪ್ಪ್ ಕಡಲಿಗೆ ಒಬ್ರ್ ಮನಿ ಮಗನ್ನ ಹೋಯ್ ಬಾ ಅಂಬುಕೆ ನಂಗೆ ಬಾಯ್ ಬತ್ತಿಲ್ಲೆ. ಹಾಂಗಾಯಿ ಬ್ಯಾಡ ಅಂತಿದ್ದೆ." ಮತ್ತೂ ಸೇರಿಸಿದಳು. "ಕಣ್ಣ್ ಹೋಯ್ತ್. ಇನ್ನ್ ಕೇಂತೂ ಇಲ್ಲೆ ಅಂದ್ರೆ ನನ್ನ್ ಹತ್ರ ಯಾರ್ ಎಂತ ಕೇಂತ್ರ್?"

ನಾನು ಹೊರಗೆ ಬಂದೆ. ಭಾವ ಬಲೆಯ ತೂತಿಗೆ ನೂಲು ಹಾಕುತ್ತಿದ್ದರು. ಅಮ್ಮ ಹೇಳಿದ್ದನ್ನು ಹೇಳಿದೆ.

"ಗೊತ್ತಿತ್ತ್ ಅತ್ತಿಗೆ" ಎಂದರು, ತಲೆಯೆತ್ತದೆ. "ಮುಂಚೆ ಕೇಂಡ್ರೆ ಅತ್ತೆ ಒಂದ್ ಗಳ್ಗಿ ಬಿಟ್ಟ್ ಹೇಳ್ತಿದ್ರ್. ಈಗ ನಾನ್ ಬಾಯ್ ಮುಚ್ಚೂಕ್ ಮುಂಚೆ ಹೇಳ್ತ್ರ್."

"ಗೊತ್ತಿದ್ದೂ ಕೂಕಂಡಿದ್ದಾ? ಸುಮ್ನೆ ಹೋಯ್ಲಕ್ಕಿತ್ತಲ್ದಾ?"

"ಕೇಂಬುದ್ ಕೇಂಡ್, ಮತ್ತೆ ಅವ್ರ್ ಮಾತ್ ದಾಟಿ ಹೋಪುದಾ?" ಎಂದರು. ನೂಲನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು. "ಕೇಣ್ದೆ ಹೋಪುಕೆ ನಂಗೆ ಧೈರ್ಯ ಇಲ್ಲೆ."

ಆಗ ನಾನು ಅವರ ಮುಖವನ್ನು ಸರಿಯಾಗಿ ನೋಡಿದೆ. ಇಷ್ಟು ವರ್ಷ ಇವರನ್ನು ಪೆದ್ದ ಅಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಎಷ್ಟು ಹೊತ್ತು ನಾಚಿಕೊಂಡಿರುವುದು? ಹಾಲಾಡಿಯ ಕೆಲಸದವರಿಗೆ ಅಲ್ಲಿಂದಲೇ ಫೋನು ಮಾಡಿ, ಪಡುವಣ ಸಂದನ್ನು ಬಿಡಿಸಿ ಎಂದೆ. ಅವರು ಸುತರಾಂ ಒಪ್ಪಲಿಲ್ಲ. ಒಂದು ಕಡೆ ಬಾಯಿ ಬಿಟ್ಟರೂ ಗಾಳಿ ನುಗ್ಗಿ ಎಲ್ಲವನ್ನೂ ಎಬ್ಬಿಸುತ್ತದೆ, ಮಾಡು ಮುಟ್ಟಬೇಡಿ, ಬೇಕಾದರೆ ಗೋಡೆ ತೂತು ಮಾಡಿಕೊಳ್ಳಿ ಎಂದರು.

ಗೋಡೆಗೆ ಕಿಟಕಿ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಭಾವ ಉಳಿ ಸುತ್ತಿಗೆ ಹಿಡಿದು ತಾವೇ ಶುರು ಮಾಡಿದರು. ಕೆಂಪುಕಲ್ಲಿನ ಗೋಡೆ, ದಪ್ಪಕ್ಕೆ ದಪ್ಪ. ಅಮ್ಮ ಕೂತರೆ ಅವಳ ಕಿವಿಯ ಎತ್ತರಕ್ಕೆ ಬರುವಂತೆ ಗುರುತು ಮಾಡಿ, ಒಂದು ಮುಖ ಹಿಡಿಸುವಷ್ಟು ಅಗಲ ಕಡಿದರು. ಗಾಳಿ ಬಂದರೆ ಬಿಗಿಯಾಗಿ ಹಾಕಿಕೊಳ್ಳಲು ಮರದ ಹಲಗೆ, ಅದಕ್ಕೊಂದು ಗಟ್ಟಿ ಅಗುಳಿ. ಅಷ್ಟು ದಿನವೂ ಅಮ್ಮ ಮಂಚ ಬಿಟ್ಟು ಏಳಲಿಲ್ಲ. ಕಲ್ಲಿನ ಪುಡಿ ಅವಳ ಸೀರೆಯ ಮೇಲೆಲ್ಲ ಬಿತ್ತು. ಮುಖದಲ್ಲಿ ನಗು ಕಂಡಿತು. ಹುಡುಗಿಯಾಗಿದ್ದಾಗ ಹೇಗಿದ್ದಿರಬಹುದೆಂದು ನನಗೆ ಆಗಲೇ ಮೊದಲ ಸಲ ತೋರಿತು.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಭಾವ ಬಲೆಯನ್ನು ಜಗಲಿಯಲ್ಲಿಟ್ಟು ಒಳಗೆ ಬಂದರು. ಬೇರೆ ದೋಣಿ ಸೇರಿದ್ದ ಗೆಳೆಯರೂ ಸುದ್ದಿ ತಿಳಿದು ಅಂಗಳಕ್ಕೆ ಬಂದು ನಿಂತಿದ್ದರು. ಅಮ್ಮ ಮುಖ ತೊಳೆದು, ತಲೆ ಬಾಚಿಸಿಕೊಂಡು, ಗೋಡೆಯ ಕಡೆ ತಿರುಗಿ ಕೂತಿದ್ದಳು. ಭಾವ ಅಗುಳಿ ತೆಗೆದು ಹಲಗೆಯನ್ನು ಎಳೆದರು.

ಕಡಲು ಒಳಗೆ ಬಂತು. ಎಷ್ಟೋ ತಿಂಗಳಿಂದ ಹೊರಗೆ ನಿಂತಿದ್ದದ್ದು ಒಮ್ಮೆಲೇ ಮನೆ ತುಂಬಿತು. ಒಲೆಯ ಹತ್ತಿರ ಕೂತಿದ್ದ ನನಗೆ ಒಂದೊಂದು ತೆರೆಯೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ ಕೇಳಿದರು, "ಅತ್ತೆ, ಹ್ಯಾಂಗಿತ್ತ್?"

ಅಮ್ಮ ಕಿವಿಗೊಟ್ಟು ಕೂತಳು. ತೆರೆಯ ಮೇಲೆ ತೆರೆ ಒಡೆಯಿತು. ಅವಳು ಮುಖವನ್ನು ಇನ್ನೂ ಹತ್ತಿರ ಒಯ್ದಳು. ಗಾಳಿಗೆ ಅವಳ ಬಿಳಿ ಕೂದಲು ಹಾರುತ್ತಿತ್ತು. ಆಮೇಲೆ ಭಾವನ ಕಡೆ ತಿರುಗಿ ಕೇಳಿದಳು.

"ಹಲ್ಗಿ ತೆಗ್ದ್ಯಾ?"

ಯಾರೂ ಮಾತಾಡಲಿಲ್ಲ. ಮಾಡಿನದಲ್ಲ ತಪ್ಪು. ಕಣ್ಣಿನ ಹಾಗೇ ಕಿವಿಯೂ ಸ್ವಲ್ಪ ಸ್ವಲ್ಪವೇ ಹೋಗಿತ್ತು. ನಾವೆಲ್ಲ ಹುಟ್ಟಿದಾಗಿನಿಂದ ಕೂಗಿಯೇ ಮಾತಾಡುವವರು, ಅಮ್ಮನಿಗೆ ನಮ್ಮ ಮಾತು ಮುಟ್ಟುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಮೆಲ್ಲಗೆ ಮಾತಾಡುವ ಮನೆಯಾಗಿದ್ದರೆ ಎಂದೋ ತಿಳಿಯುತ್ತಿತ್ತು. ನಮ್ಮ ಮೌನದಿಂದ ಅಮ್ಮನಿಗೆ ಅರ್ಥವಾಯಿತು. ಅವಳು ಕೈ ಚಾಚಿ ಗೋಡೆಯ ತೂತನ್ನು ಸವರಿದಳು, ಹಲಗೆ ಇಲ್ಲದ್ದು ಬೆರಳಿಗೆ ಸಿಕ್ಕಿತು, ಕೈಯನ್ನು ಮಡಿಲಿಗೆ ಎಳೆದುಕೊಂಡಳು. ನನಗೆ ಅಳು ಬರುವುದಿಲ್ಲ ಎಂದೆನಲ್ಲ, ಆಗ ಬಂತು.

ಭಾವ ಮಂಚದ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತರು. ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು, ಗಟ್ಟಿಯಾಗಿ ಹೇಳಿದರು.

"ತೆರಿ ದೂರ ಒಡಿತಿತ್ತ್ ಅತ್ತೆ."

ಅಮ್ಮ ಅವರ ಕಡೆ ಮುಖ ತಿರುಗಿಸಿ, "ನಡೂಗೆ ತಡಿ ಇತ್ತಾ?" ಎಂದಳು.

ಭಾವ ಎದ್ದು ಕಿಟಕಿಗೆ ಕಿವಿಯಿಟ್ಟು ನಿಂತರು. ಮರಳಿ ಬಂದು ಕೂತು, "ತಡಿ ಇತ್ತ್. ಒಂದ್ ಒಡ್ದ್, ಸುಮಾರ್ ಹೊತ್ತ್ ಬಿಟ್ಟ್ ಇನ್ನೊಂದ್" ಎಂದರು.

"ನೀರ್ ಹಿಂದ್ ಎಳುವಾಗ ಮರಳ್ ಸದ್ದ್?"

ಅವರಿಗೆ ಅದು ಗೊತ್ತಿರಲಿಲ್ಲ. ಹುಟ್ಟಿದಂದಿನಿಂದ ಕಡಲಿನಲ್ಲೇ ಇದ್ದವರು, ಆ ಸದ್ದನ್ನು ಒಮ್ಮೆಯೂ ಬೇರೆಯಾಗಿ ಕೇಳಿಸಿಕೊಂಡಿರಲಿಲ್ಲ. ಮತ್ತೆ ಎದ್ದು ಹೋಗಿ, ಕಣ್ಣು ಮುಚ್ಚಿ, ಈ ಸಲ ಬಹಳ ಹೊತ್ತು ನಿಂತರು. ಅಂಗಳದವರು ಕಾಯುತ್ತಿದ್ದರು. ಭಾವ ಬಂದು, "ಮೆಲ್ಲ ಇತ್ತ್ ಅತ್ತೆ. ಅಕ್ಕಿ ಕೇರಿದ ಹಾಂಗೆ" ಎಂದರು.

ಅಮ್ಮ ಯೋಚಿಸಿದಳು. ಹಿಂದೆಲ್ಲ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳೋ ಅಷ್ಟೇ ಹೊತ್ತು ತೆಗೆದುಕೊಂಡಳು.

"ಅಕ್ಕ್" ಎಂದಳು. "ಹೋಯ್ ಬಾ."

ದೋಣಿ ಇಳಿಯಿತು. ಅದು ತೆರೆ ದಾಟುವವರೆಗೆ ದಡದಲ್ಲಿ ನಿಂತಿದ್ದು ನಾನು ಒಳಗೆ ಬಂದಾಗ ಅಮ್ಮ ಹಾಗೇ ಕೂತಿದ್ದಳು. ಮಳೆ ಹನಿಯತೊಡಗಿತ್ತು, ಎರಚಲು ಅವಳ ಮುಖಕ್ಕೆ ಬೀಳುತ್ತಿತ್ತು. ಇನ್ನು ಇದು ಏಕೆ, ಥಂಡಿಯಾಗುತ್ತದೆ ಎಂದು ನಾನು ಹಲಗೆ ಹಾಕಹೋದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಮುಚ್ಬ್ಯಾಡ ಹೆಣೆ" ಎಂದಳು. "ಅದ್ ನಂಗಲ್ಲ. ಅವ್ನ್ ಕೇಂಬುಕೆ ಕಲೀಬೇಕ್."